ಹಣಕ್ಕೊಂದು ದಿನಾಂಕ: ಹೂಡಿಕೆಗೆ ಹೊಸಬರಾದವರಿಗೆ ಕೈಪಿಡಿ

ನನ್ನ ತಂಗಿಯ ಮಗಳು ಎಲೆಕ್ಟ್ರಾನಿಕ್ಸ್ ಸಿಟಿಯ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಮೂರನೆಯ ಸಂಬಳ ಪಡೆದ ಮೇಲೆ ಒಂದು ಭಾನುವಾರ ರಾಜಾಜಿನಗರದ ನಮ್ಮ ಮನೆಗೆ ಬಂದಳು. ಕಾಫಿ ಲೋಟ ಕೆಳಗಿಡುವ ಮೊದಲೇ ಮೊಬೈಲನ್ನು ನನ್ನ ಮುಂದೆ ಹಿಡಿದು, "ಮಾವ, ಯಾವ ಷೇರು ತಗೊಳ್ಳಲಿ ಹೇಳಿ" ಎಂದಳು. ಬ್ಯಾಂಕಿನ ಕೌಂಟರಿನ ಹಿಂದೆ ಬಹಳ ವರ್ಷ ಕುಳಿತವನಾದ್ದರಿಂದ ಈ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಉತ್ತರ ಹೇಳುವ ಬದಲು ಒಂದು ಗೆರೆ ಹಾಕಿದ ನೋಟುಪುಸ್ತಕ ತಂದುಕೊಟ್ಟು, ಮುಂದೆ ದೊಡ್ಡ ಮೊತ್ತ ಬೇಕಾಗುವ ಸಂದರ್ಭಗಳನ್ನೆಲ್ಲ ತಿಂಗಳು ಮತ್ತು ಇಸವಿ ಸಮೇತ ಬರೆಯುವಂತೆ ಹೇಳಿದೆ. ಅವಳು ಬರೆದದ್ದು ಹೀಗಿತ್ತು: ಬರುವ ಜೂನ್‌ನಲ್ಲಿ ತಮ್ಮನ ಕಾಲೇಜು ಶುಲ್ಕ, ಡಿಸೆಂಬರಿನಲ್ಲಿ ಗೆಳತಿಯ ಜೊತೆ ಬಾಡಿಗೆ ಮನೆ ಹಿಡಿಯಲು ಅಡ್ವಾನ್ಸ್, ಮೂರು ವರ್ಷಗಳ ನಂತರ ಎಂ.ಟೆಕ್., ಅಮ್ಮನ ಮಂಡಿ ಚಿಕಿತ್ಸೆ, ಕೊನೆಗೆ ನಿವೃತ್ತಿ. ಮಂಡಿ ಚಿಕಿತ್ಸೆಯ ಮುಂದೆ ಮಾತ್ರ ಇಸವಿ ಇರಲಿಲ್ಲ, ಪ್ರಶ್ನಾರ್ಥಕ ಚಿಹ್ನೆ ಇತ್ತು. "ಇದು ಖರ್ಚಿನ ಪಟ್ಟಿಯಾಯಿತಲ್ಲ ಮಾವ" ಎಂದು ಅವಳು ಅನುಮಾನದಿಂದ ನೋಡಿದಳು. ಹೂಡಿಕೆಯ ಬಗ್ಗೆ ನನಗೆ ತಿಳಿದಿರುವುದೆಲ್ಲ ಆ ಪಟ್ಟಿಯಿಂದಲೇ ಆರಂಭವಾಗುತ್ತದೆ. ಯಾವ ಹಣ ಯಾವಾಗ ಬೇಕು ಎಂಬುದು ತಿಳಿಯದೆ ಅದನ್ನು ಎಲ್ಲಿಡಬೇಕೆಂದು ಯಾರೂ ಹೇಳಲಾರರು; ಹಾಗೆ ಹೇಳುವವರಿದ್ದರೆ ಅವರು ತಮ್ಮ ಸರಕನ್ನು ಮಾರಲು ಬಂದವರೆಂದೇ ತಿಳಿಯಬಹುದು.

ನೀವೂ ಇದೇ ಕೆಲಸದಿಂದ ಪ್ರಾರಂಭಿಸಿ. ಪಟ್ಟಿಯಲ್ಲಿ ಒಂದು ವರ್ಷದೊಳಗೆ ಬೇಕಾಗುವ ಹಣ, ಐದು ವರ್ಷದೊಳಗೆ ಬೇಕಾಗುವ ಹಣ, ಅದಕ್ಕೂ ಆಚೆಯ ಹಣ ಎಂದು ವಿಂಗಡಿಸಿಕೊಳ್ಳಿ. ದಿನಾಂಕವೇ ಇಲ್ಲದ ಖರ್ಚು, ಅಂದರೆ ಕಾಯಿಲೆ, ಕೆಲಸ ಕಳೆದುಕೊಳ್ಳುವುದು, ಊರಿನಿಂದ ಬರುವ ತುರ್ತು ಕರೆ, ಇವುಗಳನ್ನು "ನಾಳೆಯೇ ಬೇಕಾಗಬಹುದು" ಎಂಬ ಸಾಲಿನಲ್ಲಿ ಬರೆಯಿರಿ. ಆರು ತಿಂಗಳ ಮನೆಖರ್ಚಿನಷ್ಟು ಹಣ ಈ ಸಾಲಿಗೆ ಮೀಸಲಾಗಿ ಉಳಿತಾಯ ಖಾತೆಯಲ್ಲಿಯೋ ಯಾವಾಗ ಬೇಕಾದರೂ ಮುರಿಯಬಹುದಾದ ಠೇವಣಿಯಲ್ಲಿಯೋ ಇರಬೇಕು. ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ; ವರ್ಷಕ್ಕೆ ಶೇಕಡ 36ನ್ನೂ ಮೀರುವ ಬಡ್ಡಿಯ ಸಾಲವನ್ನು ಇಟ್ಟುಕೊಂಡು ಶೇಕಡ 12ರ ಆಸೆಗೆ ಷೇರು ಕೊಳ್ಳುವುದು ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಆರೋಗ್ಯ ವಿಮೆಯನ್ನೂ, ನಿಮ್ಮನ್ನು ನಂಬಿದವರಿದ್ದರೆ ಅವಧಿ ವಿಮೆಯನ್ನೂ (ಟರ್ಮ್ ಇನ್ಶೂರೆನ್ಸ್) ಮಾಡಿಸಿಕೊಳ್ಳಿ. ವಿಮೆ ಮತ್ತು ಹೂಡಿಕೆಯನ್ನು ಒಂದೇ ಪಾಲಿಸಿಯಲ್ಲಿ ಬೆರೆಸಿ ಕೊಡುವ ಯೋಜನೆಗಳಲ್ಲಿ ರಕ್ಷಣೆಯೂ ಅರೆಬರೆ, ಗಳಿಕೆಯೂ ಅರೆಬರೆ ಎಂಬುದು ನನ್ನ ಅನುಭವ.

ಬ್ಯಾಂಕಿನಲ್ಲಿಟ್ಟರೆ ಸಾಲದೇ?

ಹತ್ತಿರದ ದಿನಾಂಕದ ಹಣಕ್ಕೆ ಸಾಕು. ಅಷ್ಟೇ ಅಲ್ಲ, ಅದೇ ಸರಿಯಾದ ಜಾಗ. ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆಯ ರಕ್ಷಣೆ ಇದೆ. 2020ರ ಫೆಬ್ರುವರಿಯವರೆಗೆ ಈ ಮಿತಿ ಕೇವಲ 1 ಲಕ್ಷವಿತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ, ಆದರೆ ಹೆಸರಿನ ಕೊನೆಗೆ ಸೊಸೈಟಿ ಎಂದಿರುವ ಪತ್ತಿನ ಸಹಕಾರ ಸಂಘಗಳಿಗೆ ಅನ್ವಯಿಸುವುದಿಲ್ಲ. ನಮ್ಮ ಬಡಾವಣೆಗಳಲ್ಲಿ ಸೊಸೈಟಿಯನ್ನೂ ಬ್ಯಾಂಕ್ ಎಂದೇ ಕರೆಯುವ ರೂಢಿ ಇರುವುದರಿಂದ, ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಗಾಗಿ ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಇಡುವ ಹಿರಿಯರು ಈ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳಬೇಕು.

ದೂರದ ದಿನಾಂಕದ ಹಣದ ಲೆಕ್ಕ ಬೇರೆ. ಶೇಕಡ 7ರ ಬಡ್ಡಿಗೆ ನಿಶ್ಚಿತ ಠೇವಣಿ ಇಟ್ಟಿರುವ, ಶೇಕಡ 30ರ ತೆರಿಗೆ ಹಂತದಲ್ಲಿರುವ ಒಬ್ಬರನ್ನು ಗಮನಿಸಿ. ತೆರಿಗೆ ಕಳೆದ ಮೇಲೆ ಅವರ ಕೈಗೆ ಉಳಿಯುವುದು ಶೇಕಡ 4.9. ಆ ವರ್ಷದ ಬೆಲೆಯೇರಿಕೆ ಶೇಕಡ 5 ಆಗಿದ್ದರೆ, ಪಾಸ್‌ಪುಸ್ತಕದಲ್ಲಿ ಅಂಕಿ ಬೆಳೆದರೂ ಆ ಹಣ ಕೊಳ್ಳಬಲ್ಲ ಸಾಮಾನು ಸ್ವಲ್ಪ ಕಡಿಮೆಯೇ ಆಗಿರುತ್ತದೆ. ರಿಸರ್ವ್ ಬ್ಯಾಂಕಿಗೆ ಸರ್ಕಾರ ಗೊತ್ತುಪಡಿಸಿರುವ ಹಣದುಬ್ಬರದ ಗುರಿಯೇ ಶೇಕಡ 4, ಅದರಿಂದ ಎರಡು ಅಂಶ ಮೇಲೆ ಅಥವಾ ಕೆಳಗೆ. ಅಂದರೆ ಬೆಲೆಗಳು ನಿಧಾನವಾಗಿ ಏರುತ್ತಿರುತ್ತವೆ ಎಂಬುದನ್ನು ವ್ಯವಸ್ಥೆಯೇ ಒಪ್ಪಿಕೊಂಡಿದೆ. ಕೆಲವೊಮ್ಮೆ ಅವು ನಿಧಾನವಾಗಿಯೂ ಏರುವುದಿಲ್ಲ: ನಮ್ಮ ಮೆಟ್ರೋದ ಗರಿಷ್ಠ ಪ್ರಯಾಣದರ 2025ರ ಫೆಬ್ರುವರಿಯಲ್ಲಿ 60 ರೂಪಾಯಿಯಿಂದ ಒಮ್ಮೆಗೇ 90ಕ್ಕೆ ಹೋಯಿತು.

ಇದರ ಜೊತೆಗೆ ಬಾಯಿಲೆಕ್ಕದ ಒಂದು ಸೂತ್ರ ಕಲಿತಿರಿ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ದುಪ್ಪಟ್ಟಾಗಲು ಬೇಕಾಗುವ ವರ್ಷಗಳು ಹೆಚ್ಚುಕಡಿಮೆ ಸಿಗುತ್ತವೆ; ಶೇಕಡ 6ಕ್ಕೆ 12 ವರ್ಷ, ಶೇಕಡ 12ಕ್ಕೆ 6 ವರ್ಷ. ಇದೇ ಸೂತ್ರವನ್ನು ಬೆಲೆಯೇರಿಕೆಗೂ ಹಚ್ಚಿ ನೋಡಿ. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ ಇಂದು ತಿಂಗಳಿಗೆ 40,000 ರೂಪಾಯಿಯಲ್ಲಿ ನಡೆಯುವ ಸಂಸಾರಕ್ಕೆ 12 ವರ್ಷಗಳ ನಂತರ 80,000 ಬೇಕಾಗುತ್ತದೆ, 24 ವರ್ಷಗಳ ನಂತರ 1,60,000. ನಿವೃತ್ತಿ ಎಂಬ ಸಾಲಿನ ಮುಂದೆ ಈ ಕೊನೆಯ ಅಂಕಿಯನ್ನು ಬರೆದ ಮೇಲೆಯೇ ನನ್ನ ಸೋದರ ಸೊಸೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

ಸಾಲ ಕೊಡುವುದು, ಪಾಲು ಪಡೆಯುವುದು

ಹೂಡಿಕೆಯ ಹೆಸರುಗಳು ನೂರಾರಿದ್ದರೂ ಅವುಗಳ ಬೇರು ಎರಡೇ. ನಿಮ್ಮ ಹಣವನ್ನು ಯಾರಿಗಾದರೂ ಸಾಲವಾಗಿ ಕೊಡುತ್ತೀರಿ, ಇಲ್ಲವೇ ಒಂದು ವ್ಯವಹಾರದಲ್ಲಿ ಪಾಲುದಾರರಾಗುತ್ತೀರಿ. ಠೇವಣಿ ಎಂದರೆ ಬ್ಯಾಂಕಿಗೆ ಕೊಟ್ಟ ಸಾಲ. ಬಾಂಡ್ ಎಂದರೆ ಸರ್ಕಾರಕ್ಕೋ ಕಂಪನಿಗೋ ಕೊಟ್ಟ ಸಾಲ. ಸಾರ್ವಜನಿಕ ಭವಿಷ್ಯ ನಿಧಿ (ಪಿಪಿಎಫ್) ಎಂದರೆ ಕೇಂದ್ರ ಸರ್ಕಾರಕ್ಕೆ 15 ವರ್ಷಗಳ ಅವಧಿಗೆ ಕೊಟ್ಟ ಸಾಲ. ಸಾಲಗಾರನಿಗೆ ಲಾಭವಾಗಲಿ ನಷ್ಟವಾಗಲಿ ನಿಮಗೆ ಹೇಳಿದ ಬಡ್ಡಿ ಬರಬೇಕು, ಹೆಚ್ಚಿಗೆ ಏನೂ ಬರುವುದಿಲ್ಲ. ಷೇರು ಎಂಬುದು ಪಾಲು. ಕಂಪನಿ ಸಾಲಗಾರರಿಗೆ, ನೌಕರರಿಗೆ, ಸರ್ಕಾರಕ್ಕೆ ಕೊಡಬೇಕಾದದ್ದನ್ನೆಲ್ಲ ಕೊಟ್ಟು ಉಳಿದದ್ದರಲ್ಲಿ ಪಾಲುದಾರನ ಹಕ್ಕು. ಉಳಿದದ್ದು ಹೆಚ್ಚಿದ್ದರೆ ಹೆಚ್ಚು, ಏನೂ ಉಳಿಯದಿದ್ದರೆ ಏನೂ ಇಲ್ಲ.

ಭವಿಷ್ಯ ನಿಧಿಯ ವಿಷಯದಲ್ಲಿ ಒಂದು ಸಣ್ಣ ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಪ್ರತಿ ತಿಂಗಳ 5ನೆಯ ತಾರೀಖಿನ ನಂತರ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುತ್ತಾರೆ. 4ರಂದು ಕಟ್ಟಿದವರಿಗೆ ಆ ತಿಂಗಳ ಬಡ್ಡಿ ಉಂಟು, 6ರಂದು ಕಟ್ಟಿದವರಿಗೆ ಇಲ್ಲ. ಸಂಬಳ ತಿಂಗಳ ಮೊದಲ ದಿನ ಬರುವವರು ಈ ಎರಡು ದಿನಗಳ ಸೋಮಾರಿತನಕ್ಕೆ 15 ವರ್ಷ ದಂಡ ತೆರಬೇಕಾಗಿಲ್ಲ. ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ ಕಟ್ಟಬಹುದು; ಬಡ್ಡಿಗೆ ತೆರಿಗೆ ಇಲ್ಲ.

ಬಾಂಡುಗಳ ಬಗ್ಗೆ ಹೊಸಬರನ್ನು ಗೊಂದಲಕ್ಕೆ ಕೆಡಹುವ ವಿಷಯವೆಂದರೆ ಬಡ್ಡಿದರ ಏರಿದಾಗ ಅವುಗಳ ಬೆಲೆ ಇಳಿಯುವುದು. ನೀವು 100 ರೂಪಾಯಿ ಮುಖಬೆಲೆಯ, ಹತ್ತು ವರ್ಷದ, ಶೇಕಡ 7 ಬಡ್ಡಿಯ ಬಾಂಡ್ ಕೊಂಡಿದ್ದೀರಿ ಎನ್ನಿ. ಮಾರನೆಯ ದಿನವೇ ಅಂಥದೇ ಹೊಸ ಬಾಂಡ್ ಶೇಕಡ 8 ಬಡ್ಡಿ ಕೊಡಲಾರಂಭಿಸಿದರೆ ನಿಮ್ಮದನ್ನು 100 ರೂಪಾಯಿಗೆ ಯಾರೂ ಕೇಳುವುದಿಲ್ಲ. ಸುಮಾರು 93 ರೂಪಾಯಿಗೆ ಇಳಿಸಿದರೆ ಮಾತ್ರ ಕೊಳ್ಳುವವರಿಗೆ ಎರಡೂ ಸಮವೆನಿಸುತ್ತವೆ. ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ನಿಮಗೆ ಪೂರ್ತಿ 100 ರೂಪಾಯಿಯೇ ಮರಳುತ್ತದೆ. ನಡುವೆ ಮಾರಬೇಕಾಗಿ ಬಂದವರಿಗಷ್ಟೇ ಈ ಏರಿಳಿತದ ಬಿಸಿ. ಇಲ್ಲಿಯೂ ಪ್ರಶ್ನೆ ದಿನಾಂಕದ್ದೇ ಎಂಬುದನ್ನು ಗಮನಿಸಿ. 2021ರ ನವೆಂಬರಿನಿಂದ ರಿಸರ್ವ್ ಬ್ಯಾಂಕು ತನ್ನ ರೀಟೇಲ್ ಡೈರೆಕ್ಟ್ ವ್ಯವಸ್ಥೆಯ ಮೂಲಕ ಸಾಮಾನ್ಯರಿಗೂ ಸರ್ಕಾರಿ ಬಾಂಡುಗಳನ್ನು ನೇರವಾಗಿ ಕೊಳ್ಳಲು ಅವಕಾಶ ಕೊಟ್ಟಿದೆ. ಬಾಂಡ್ ಕೊಳ್ಳುವ ಆಸೆಯಿಂದ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಟ್ಟಡಕ್ಕೆ ಹೋಗಬೇಕಾಗಿಲ್ಲ. ಖಾತೆ ತೆರೆಯುವುದು, ಕೊಳ್ಳುವುದು ಎಲ್ಲವೂ ಮನೆಯಿಂದಲೇ ಆಗುತ್ತದೆ.

ಪಾಲಿನ ಮಾತಿಗೆ ಬೆಂಗಳೂರಿನವರಿಗೆ ತಕ್ಷಣ ನೆನಪಾಗುವ ಹೆಸರು ಇನ್ಫೋಸಿಸ್. 1993ರಲ್ಲಿ ಅದು ಷೇರೊಂದಕ್ಕೆ 95 ರೂಪಾಯಿಯಂತೆ ಸಾರ್ವಜನಿಕರಿಗೆ ಷೇರು ನೀಡಿದಾಗ ಬೇಕಾದಷ್ಟು ಅರ್ಜಿಗಳೇ ಬರಲಿಲ್ಲ. ಅಂದು ಕೊಂಡು ಇಂದಿನವರೆಗೆ ಇಟ್ಟುಕೊಂಡವರ ಕಥೆಗಳನ್ನು ಜಯನಗರದ ಉದ್ಯಾನದ ಕಲ್ಲುಬೆಂಚುಗಳ ಮೇಲೆ ಬೆಳಗಿನ ಹೊತ್ತು ಕೇಳಬಹುದು. ಆ ಕಥೆಗಳು ನಿಜ. ಆದರೆ ಅದೇ ಕಾಲದಲ್ಲಿ ನನ್ನ ತಂದೆ ಕೊಂಡ ಬೇರೆ ಕಂಪನಿಗಳ ಕಾಗದಗಳೂ ನಿಜವೇ. ಅವರು ತೀರಿಕೊಂಡ ಮೇಲೆ ಕಬ್ಬಿಣದ ಟ್ರಂಕಿನ ತಳದಲ್ಲಿ, ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಒಂಬತ್ತು ಷೇರುಪತ್ರಗಳು ಸಿಕ್ಕವು. ಅಂಚಿನಲ್ಲಿ ಹಸಿರು ಬಳ್ಳಿಯ ಚಿತ್ತಾರ, ನಡುವೆ ನೀಲಿ ಶಾಯಿಯಲ್ಲಿ ಫೋಲಿಯೋ ಸಂಖ್ಯೆ, ಕೆಳಗೆ ನಿರ್ದೇಶಕರ ಸಹಿ. ಒಂಬತ್ತರಲ್ಲಿ ಆರು ಕಂಪನಿಗಳು ಈಗ ಇಲ್ಲವೇ ಇಲ್ಲ. ಉಳಿದ ಮೂರರಲ್ಲಿ ಒಂದರ ಬೆಲೆ ಉಳಿದೆಲ್ಲ ನಷ್ಟವನ್ನು ತುಂಬಿಕೊಟ್ಟು ಮೇಲೂ ಮಿಕ್ಕಿತು. ಪಾಲುದಾರಿಕೆಯ ಸ್ವಭಾವವೇ ಹೀಗೆ: ಯಾವುದು ಉಳಿಯುತ್ತದೆ ಎಂದು ಮೊದಲೇ ಹೇಳಲಾಗದು, ಆದ್ದರಿಂದ ಹಲವು ಕಡೆ ಪಾಲಿರಬೇಕು, ಉಳಿದದ್ದು ಬೆಳೆಯುವಷ್ಟು ಕಾಲ ಕಾಯಲು ಸಾಧ್ಯವಿರಬೇಕು.

ಪೇಟೆ ನಡೆಯುವ ಬಗೆ

ಬೆಂಗಳೂರಿಗೂ ತನ್ನದೇ ಷೇರು ವಿನಿಮಯ ಕೇಂದ್ರವಿತ್ತು. 1963ರಲ್ಲಿ ಸರ್ಕಾರದ ಮಾನ್ಯತೆ ಪಡೆದ ಅದು ಕೊನೆಯ ದಿನಗಳಲ್ಲಿ ಜೆ.ಸಿ. ರಸ್ತೆಯ ಪಕ್ಕದ ಕಟ್ಟಡದಲ್ಲಿತ್ತು. 1994ರಲ್ಲಿ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಕಂಪ್ಯೂಟರ್ ಪರದೆಯ ಮೇಲಿನ ವಹಿವಾಟನ್ನು ಆರಂಭಿಸಿದ ಮೇಲೆ, ಮುಂಬೈಯಲ್ಲಿ ಕುಳಿತವರಿಗೆ ಸಿಗುವ ಬೆಲೆಯೇ ಮಲ್ಲೇಶ್ವರದಲ್ಲಿ ಕುಳಿತವರಿಗೂ ಸಿಗತೊಡಗಿತು, ಊರೂರಿನ ವಿನಿಮಯ ಕೇಂದ್ರಗಳಿಗೆ ಕೆಲಸವಿಲ್ಲದಾಯಿತು. ನಮ್ಮ ಕೇಂದ್ರ 2014ರ ಡಿಸೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಒಪ್ಪಿಗೆಯೊಂದಿಗೆ ಬಾಗಿಲು ಹಾಕಿತು. ಇಂದು ಷೇರು ವಹಿವಾಟು ಬಹುಪಾಲು ನಡೆಯುವುದು ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಹಾಗೂ 1875ರಲ್ಲಿ ಹುಟ್ಟಿದ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಎರಡು ಕಡೆ. ಇವೆರಡರ ಮೇಲೂ, ದಲ್ಲಾಳಿಗಳ ಮೇಲೂ, ಮ್ಯೂಚುವಲ್ ಫಂಡುಗಳ ಮೇಲೂ ಕಣ್ಣಿಡುವುದು ಸೆಬಿ. 1988ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಕಾನೂನಿನ ಬಲ ಬಂದದ್ದು 1992ರಲ್ಲಿ. ಕೊಂಡ ಷೇರು ಕಾಗದವಾಗಿ ನಿಮ್ಮ ಕೈಗೆ ಬರುವುದಿಲ್ಲ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಎರಡು ಭಂಡಾರಗಳಲ್ಲಿ ಒಂದರಲ್ಲಿ ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಗೆ ಜಮೆಯಾಗುತ್ತದೆ. ದಲ್ಲಾಳಿ ಸಂಸ್ಥೆ ಮುಚ್ಚಿಹೋದರೂ ಷೇರುಗಳು ಅಲ್ಲಿ ನಿಮ್ಮ ಹೆಸರಿನಲ್ಲೇ ಇರುತ್ತವೆ ಎಂಬುದು ಈ ವ್ಯವಸ್ಥೆಯ ದೊಡ್ಡ ಆಸರೆ. ಭಂಡಾರದಿಂದ ನೇರವಾಗಿ ಬರುವ ಮಾಸಿಕ ವಿವರಪಟ್ಟಿಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಪೇಟೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ತೆರೆದಿರುತ್ತದೆ. ಬೆಲೆ ಹುಟ್ಟುವ ರೀತಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಂದು ಷೇರಿನ ಕೊನೆಯ ವಹಿವಾಟು 412 ರೂಪಾಯಿಗೆ ಆಗಿದೆ ಎಂದುಕೊಳ್ಳಿ. ಪರದೆಯ ಒಂದು ಬದಿಯಲ್ಲಿ ಕೊಳ್ಳುವವರು ಕೂಗಿದ ಬೆಲೆಗಳಿರುತ್ತವೆ, ಇನ್ನೊಂದು ಬದಿಯಲ್ಲಿ ಮಾರುವವರು ಹೇಳಿದ ಬೆಲೆಗಳು. ಮಾರುವವರ ಸಾಲಿನಲ್ಲಿ 412.20ಕ್ಕೆ 40 ಷೇರು, 412.60ಕ್ಕೆ 100 ಷೇರು, 414ಕ್ಕೆ 500 ಷೇರು ಇವೆ. ಬೆಲೆ ನಮೂದಿಸದೆ "ಮಾರುಕಟ್ಟೆ ದರದಲ್ಲಿ 200 ಷೇರು" ಎಂದು ನೀವು ಆರ್ಡರ್ ಕೊಟ್ಟರೆ ಮೊದಲ 40, ನಂತರದ 100, ಕೊನೆಗೆ 414ರ ದರದಲ್ಲಿ 60 ಷೇರು ನಿಮ್ಮದಾಗುತ್ತವೆ. ಸರಾಸರಿ ಬೆಲೆ ಸುಮಾರು 412.94. "412.60ಕ್ಕಿಂತ ಹೆಚ್ಚು ಕೊಡುವುದಿಲ್ಲ" ಎಂದು ಮಿತಿ ಹಾಕಿದ್ದರೆ 140 ಷೇರು ಸಿಕ್ಕು, ಉಳಿದ 60ಕ್ಕೆ ಕಾಯಬೇಕಾಗುತ್ತಿತ್ತು. ದಿನವೂ ಲಕ್ಷಾಂತರ ಕೈ ಬದಲಾಗುವ ದೊಡ್ಡ ಕಂಪನಿಗಳಲ್ಲಿ ಈ ವ್ಯತ್ಯಾಸ ಪೈಸೆಗಳಷ್ಟು. ಹೆಸರೇ ಕೇಳದ ಸಣ್ಣ ಕಂಪನಿಗಳಲ್ಲಿ ಸಾಲುಗಳ ನಡುವಿನ ಅಂತರ ಎಷ್ಟಿರುತ್ತದೆಂದರೆ, ಕೊಂಡ ಕ್ಷಣವೇ ನೂರಕ್ಕೆ ಮೂರು ನಾಲ್ಕು ರೂಪಾಯಿ ಕೈಬಿಟ್ಟಿರುತ್ತದೆ. ಹೊಸಬರು ಯಾವಾಗಲೂ ಮಿತಿ ಹಾಕಿಯೇ ಆರ್ಡರ್ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕೊಂಡ ಷೇರು ಮಾರನೆಯ ಕೆಲಸದ ದಿನ ಖಾತೆಗೆ ಬರುತ್ತದೆ. 2023ರ ಜನವರಿಯಿಂದ ಎಲ್ಲ ಷೇರುಗಳಿಗೂ ಇದೇ ಕ್ರಮ.

ಬೆಲೆ ಮತ್ತು ಮೌಲ್ಯ ಒಂದೇ ಅಲ್ಲವೆಂಬುದನ್ನು ಕೆ.ಆರ್. ಮಾರುಕಟ್ಟೆಯ ಹೂವಿನ ಅಂಗಳ ನೋಡಿದವರಿಗೆ ವಿವರಿಸಬೇಕಾಗಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಕನಕಾಂಬರವನ್ನು ಮುಟ್ಟಲಾಗದು. ಪೂಜೆ ಮುಗಿದ ಮಧ್ಯಾಹ್ನ ಅದೇ ಹೂವನ್ನು ಕರೆದು ಕೊಡುತ್ತಾರೆ. ಹೂವು ಬದಲಾಗಿಲ್ಲ, ಕೊಳ್ಳುವವರ ಅವಸರ ಬದಲಾಗಿದೆ. ಷೇರಿನ ಬೆಲೆಯೂ ಒಂದೊಂದು ದಿನ ಅವಸರವನ್ನಷ್ಟೇ ಹೇಳುತ್ತದೆ, ಹಲವು ವರ್ಷಗಳಲ್ಲಿ ಮಾತ್ರ ಕಂಪನಿಯ ಗಳಿಕೆಯನ್ನು ಹೇಳುತ್ತದೆ.

ಇಡೀ ಪೇಟೆಯ ನಾಡಿ ಹಿಡಿಯಲು ಸೂಚ್ಯಂಕಗಳಿವೆ. 30 ದೊಡ್ಡ ಕಂಪನಿಗಳ ಸೆನ್ಸೆಕ್ಸ್ 1978-79ನ್ನು 100 ಎಂದಿಟ್ಟುಕೊಂಡು ಲೆಕ್ಕ ಹಾಕುವ ಅಂಕಿ. 50 ಕಂಪನಿಗಳ ನಿಫ್ಟಿ 1995ರ ನವೆಂಬರನ್ನು 1,000 ಎಂದಿಟ್ಟುಕೊಂಡದ್ದು. ಅಲ್ಲಿಂದ ಮೇಲೇರುತ್ತ ಬಂದ ಈ ಏಣಿಯ ನಡುವೆ ಮುರಿದ ಮೆಟ್ಟಿಲುಗಳೂ ಇವೆ. 2008ರ ಜನವರಿಯಲ್ಲಿ 21,000 ತಲುಪಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗೆ ಇಣುಕಿತು. ಮತ್ತೆ 21,000 ಮುಟ್ಟಲು 2010ರ ನವೆಂಬರ್ ಬರಬೇಕಾಯಿತು. 2020ರ ಮಾರ್ಚ್ 23ರಂದು, ಕೊರೊನಾ ಭಯದಲ್ಲಿ, ಒಂದೇ ದಿನ ಶೇಕಡ 13ರಷ್ಟು ಬಿದ್ದು 25,981ಕ್ಕೆ ನಿಂತಿತು. 2021ರ ಜನವರಿಯಲ್ಲಿ ಅದೇ ಸೂಚ್ಯಂಕ 50,000 ದಾಟಿತು. ನನ್ನ ಸೊಸೆಯ ಪಟ್ಟಿಯ ಜೂನ್ ತಿಂಗಳ ಕಾಲೇಜು ಶುಲ್ಕದ ಹಣ ಆ ಮಾರ್ಚ್ 23ರಂದು ಷೇರಿನಲ್ಲಿದ್ದಿದ್ದರೆ ಅವಳು ನಷ್ಟದಲ್ಲೇ ಮಾರಬೇಕಾಗುತ್ತಿತ್ತು. ನಿವೃತ್ತಿಯ ಹಣವಾಗಿದ್ದರೆ ಪರದೆಯನ್ನು ಮುಚ್ಚಿ ಸುಮ್ಮನಿರಬಹುದಿತ್ತು. ಐದು ವರ್ಷದೊಳಗೆ ಬೇಕಾದ ಹಣವನ್ನು ಷೇರುಪೇಟೆಗೆ ತರಬಾರದು ಎಂಬ ಮಾತಿಗೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಮೊದಲ ಹೆಜ್ಜೆ ಇಡುವುದು ಹೇಗೆ

ಕಂಪನಿಗಳ ಲೆಕ್ಕಪತ್ರ ಓದಲು ವಾರಕ್ಕೆ ಹಲವು ಗಂಟೆ ಕೊಡಲಾರದವರು ಬಿಡಿ ಷೇರುಗಳಿಂದ ಆರಂಭಿಸಬಾರದು. ಅವರಿಗಾಗಿಯೇ ಮ್ಯೂಚುವಲ್ ಫಂಡುಗಳಿವೆ. ಸಾವಿರಾರು ಜನರ ಹಣವನ್ನು ಒಟ್ಟುಗೂಡಿಸಿ ಹತ್ತಾರು ಕಂಪನಿಗಳಲ್ಲಿ ಹೂಡುವ ವ್ಯವಸ್ಥೆ ಅದು. ಅದರಲ್ಲಿಯೂ ಇಂಡೆಕ್ಸ್ ಫಂಡ್ ಎಂಬುದು ನಿಫ್ಟಿಯಂಥ ಸೂಚ್ಯಂಕದಲ್ಲಿರುವ ಕಂಪನಿಗಳನ್ನೇ ಅದೇ ಪ್ರಮಾಣದಲ್ಲಿ ಕೊಂಡಿಟ್ಟುಕೊಳ್ಳುತ್ತದೆ. ಯಾವ ಕಂಪನಿ ಗೆಲ್ಲುತ್ತದೆಂದು ಊಹಿಸುವ ಜಾಣತನಕ್ಕೆ ಅದು ಸಂಬಳ ಕೊಡುವುದಿಲ್ಲವಾದ್ದರಿಂದ ಅದರ ಖರ್ಚೂ ಕಡಿಮೆ. ಈ ಖರ್ಚಿನ ಬಗ್ಗೆ ಹೊಸಬರು ಉದಾಸೀನ ಮಾಡುತ್ತಾರೆ. 1 ಲಕ್ಷ ರೂಪಾಯಿ 20 ವರ್ಷ ಶೇಕಡ 12ರಂತೆ ಬೆಳೆದರೆ 9.65 ಲಕ್ಷವಾಗುತ್ತದೆ, ವರ್ಷಕ್ಕೆ ಶೇಕಡ 1ನ್ನು ಯಾರೋ ಖರ್ಚೆಂದು ತೆಗೆದುಕೊಂಡು ಶೇಕಡ 11ರಂತೆ ಬೆಳೆದರೆ 8.06 ಲಕ್ಷ. ನೋಡಲು ಸಣ್ಣದಾದ ಆ ಒಂದು ಅಂಶದ ಬೆಲೆ ಒಂದೂವರೆ ಲಕ್ಷಕ್ಕೂ ಹೆಚ್ಚು. 2013ರ ಜನವರಿಯಿಂದ ಪ್ರತಿಯೊಂದು ಫಂಡಿನಲ್ಲೂ ಮಧ್ಯವರ್ತಿಯ ಕಮಿಷನ್ ಇಲ್ಲದ ಡೈರೆಕ್ಟ್ ಯೋಜನೆ ಇದೆ. ಹೆಸರಿನಲ್ಲಿ ಆ ಪದವಿದೆಯೇ ಎಂದು ನೋಡಿಯೇ ಕೊಳ್ಳಿ.

ಬೇಕಾಗುವ ದಾಖಲೆಗಳು ಪ್ಯಾನ್, ಆಧಾರ್, ನಿಮ್ಮ ಹೆಸರಿನ ಬ್ಯಾಂಕ್ ಖಾತೆ. ಮೂರರಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಇರಬೇಕು. ತಂದೆಯ ಹೆಸರಿನ ಮೊದಲಕ್ಷರ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಊರಿನ ಹೆಸರೂ ಸೇರಿರುವುದು ನಮ್ಮ ಕಡೆಯವರಿಗೆ ತೀರ ಸಾಮಾನ್ಯವಾದ ತೊಡಕು. ಕೆವೈಸಿ ನಿಂತುಹೋಗುವುದು ಹೆಚ್ಚಾಗಿ ಇದರಿಂದಲೇ. ಮೊದಲು ಅದನ್ನು ಸರಿಪಡಿಸಿಕೊಂಡು, ಸಂಬಳ ಬಂದ ಎರಡು ಮೂರು ದಿನದೊಳಗೆ ಪ್ರತಿ ತಿಂಗಳ ಕಂತು ತಾನಾಗಿಯೇ ಕಡಿತವಾಗಿ ಫಂಡಿಗೆ ಸೇರುವಂತೆ ಎಸ್‌ಐಪಿ ನಿಗದಿಪಡಿಸಿ. ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ ಕಟ್ಟಿ, ವರ್ಷಕ್ಕೆ ಸರಾಸರಿ ಶೇಕಡ 10 ಬೆಳೆಯಿತೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಕಟ್ಟಿದ 12 ಲಕ್ಷ ಸುಮಾರು 38 ಲಕ್ಷವಾಗುತ್ತದೆ. ಐದು ವರ್ಷ ತಡಮಾಡಿ 15 ವರ್ಷ ಮಾತ್ರ ಕಟ್ಟಿದರೆ ಕಟ್ಟಿದ್ದು 9 ಲಕ್ಷ, ಕೈಗೆ ಬರುವುದು ಸುಮಾರು 21 ಲಕ್ಷ. ಶೇಕಡ 10 ಬಂದೇ ಬರುತ್ತದೆಂದು ಯಾರೂ ಮಾತು ಕೊಡಲಾರರು, ನಾನೂ ಕೊಡುವುದಿಲ್ಲ. ತಡಮಾಡಿದ ವರ್ಷಗಳ ಬೆಲೆ ಎಷ್ಟೆಂದು ತೋರಿಸುವುದಷ್ಟೇ ಈ ಲೆಕ್ಕದ ಉದ್ದೇಶ.

ತೆರಿಗೆಯ ಬಗ್ಗೆ ಇಷ್ಟು ತಿಳಿದಿದ್ದರೆ ಸದ್ಯಕ್ಕೆ ಸಾಕು: 2024ರ ಜುಲೈ 23ರಿಂದ ಜಾರಿಯಲ್ಲಿರುವ ದರಗಳ ಪ್ರಕಾರ, ಷೇರು ಅಥವಾ ಷೇರು ಫಂಡನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದಾಗ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇಕಡ 12.5, ಅದಕ್ಕಿಂತ ಬೇಗ ಮಾರಿದರೆ ಲಾಭಕ್ಕೆ ಶೇಕಡ 20.

ಚೀಟಿ, ಸೈಟು ಮತ್ತು ಶೇಕಡ ಮೂರರ ಆಮಿಷ

ಬೆಂಗಳೂರಿನ ಮನೆಗಳಲ್ಲಿ ಹೂಡಿಕೆಯ ಮಾತು ಷೇರಿಗಿಂತ ಮೊದಲು ಚೀಟಿಗೆ ಹೋಗುತ್ತದೆ. ಅದರ ಲೆಕ್ಕ ನೋಡಿ. 20 ಜನ ತಿಂಗಳಿಗೆ 5,000ದಂತೆ 20 ತಿಂಗಳು ಕಟ್ಟುವ 1 ಲಕ್ಷದ ಚೀಟಿಯಲ್ಲಿ, ಹಣದ ಅಗತ್ಯವಿದ್ದ ಒಬ್ಬರು ಹರಾಜಿನಲ್ಲಿ 20,000 ಬಿಟ್ಟುಕೊಟ್ಟು 80,000ಕ್ಕೆ ಚೀಟಿ ಎತ್ತುತ್ತಾರೆ. ಬಿಟ್ಟ 20,000ದಲ್ಲಿ ನಡೆಸುವವರ ಕಮಿಷನ್ 5,000 ಕಳೆದು ಉಳಿದ 15,000 ಇಪ್ಪತ್ತು ಜನರಿಗೆ ಹಂಚಿಕೆಯಾಗಿ, ಆ ತಿಂಗಳು ಪ್ರತಿಯೊಬ್ಬರೂ 4,250 ಕಟ್ಟಿದರೆ ಸಾಕಾಗುತ್ತದೆ. ಬೇಗ ಎತ್ತಿದವರಿಗೆ ಅದು ಸಾಲ, ಕೊನೆಯವರೆಗೆ ಕಾದವರಿಗೆ ಉಳಿತಾಯ. ಜಾಣ್ಮೆಯ ವ್ಯವಸ್ಥೆಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಎತ್ತಿಕೊಂಡವರು ಮುಂದಿನ ಕಂತು ಕಟ್ಟದಿದ್ದರೆ, ನಡೆಸುವವರೇ ರಾತ್ರೋರಾತ್ರಿ ಮನೆ ಖಾಲಿ ಮಾಡಿದರೆ, ಕಾದವರ ಹಣ ಹೋಯಿತು. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಯಲ್ಲಿ ನಡೆಸುವವರು ಭದ್ರತೆ ಇಡಬೇಕು, ರಿಜಿಸ್ಟ್ರಾರರಿಗೆ ಲೆಕ್ಕ ಕೊಡಬೇಕು. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಸಂಸ್ಥೆಯೂ ಚೀಟಿ ನಡೆಸುತ್ತದೆ. ಬೀದಿಯ ಪರಿಚಯದವರ ಬಾಯಿಮಾತಿನ ಚೀಟಿಗೆ ಇಂಥ ಯಾವ ಆಸರೆಯೂ ಇಲ್ಲ.

ಸೈಟಿನ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ನೂರು ಷೇರಿನಲ್ಲಿ ಹತ್ತನ್ನು ಮಾರಬಹುದು, ಮೂವತ್ತು ನಲವತ್ತರ ಸೈಟಿನಲ್ಲಿ ಆಸ್ಪತ್ರೆ ಖರ್ಚಿಗೆಂದು ಒಂದು ಮೂಲೆಯನ್ನು ಮಾರಲಾಗದು. ಖಾತೆ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ ಇವನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಟ್ಟವರ ಪಾಡು ನಗರದ ನ್ಯಾಯಾಲಯಗಳಲ್ಲಿ ದಿನವೂ ಕಾಣುತ್ತದೆ. ವಾಸಕ್ಕೆಂದು ಕೊಳ್ಳುವ ಮನೆ ಬೇರೆ ಮಾತು.

ಆದರೆ ಆಮಿಷದ ಬಗ್ಗೆ ಬರೆಯಲೇಬೇಕು. ತಿಂಗಳಿಗೆ ಶೇಕಡ 3 ಖಚಿತವಾಗಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಕಾಗದದ ಮೇಲೆ ಲೆಕ್ಕ ಹಾಕಿ. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಶೇಕಡ 42 ದಾಟುತ್ತದೆ. ಅಷ್ಟು ಗಳಿಸುವ ಪ್ರಾಮಾಣಿಕ ವ್ಯಾಪಾರವಿದ್ದರೆ ಅದರ ಒಡೆಯ ಬ್ಯಾಂಕಿನಿಂದ ಶೇಕಡ 12ಕ್ಕೆ ಸಾಲ ಪಡೆಯುತ್ತಿದ್ದನೇ ಹೊರತು ನಿಮ್ಮ ಮನೆ ಬಾಗಿಲಿಗೆ ಬರುತ್ತಿರಲಿಲ್ಲ. ಹೊಸದಾಗಿ ಸೇರಿದವರ ಅಸಲಿನಿಂದ ಹಳಬರಿಗೆ ಬಡ್ಡಿ ಕೊಡುವ ಇಂಥ ಯೋಜನೆಗಳು ಈ ಊರಿನಲ್ಲಿ ಮತ್ತೆ ಮತ್ತೆ ಹುಟ್ಟಿವೆ. ಮಗಳ ಮದುವೆಯ ಹಣವನ್ನು ಅಲ್ಲಿ ಕಳೆದುಕೊಂಡು ಬಂದು ನನ್ನ ಕೌಂಟರಿನ ಮುಂದೆ ಮಾತಿಲ್ಲದೆ ನಿಂತವರನ್ನು ನಾನು ಮರೆತಿಲ್ಲ. ನೋಂದಣಿಯಿಲ್ಲದ ಠೇವಣಿ ಸಂಗ್ರಹವನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ರಾಜ್ಯದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆಯೂ ಇದೆ. ಆದರೂ ಹೋದ ಹಣ ಪೂರ್ತಿಯಾಗಿ ಮರಳುವುದು ಅಪರೂಪ. ಈಚೆಗೆ ವಾಟ್ಸಾಪ್ ಗುಂಪುಗಳಿಗೆ ಸೇರಿಸಿ ನಕಲಿ ಆ್ಯಪಿನಲ್ಲಿ ಲಾಭದ ಅಂಕಿ ತೋರಿಸುವ ಮೋಸ ಹೆಚ್ಚಾಗಿದೆ. ಸಲಹೆ ಕೊಡುವವರ ಸೆಬಿ ನೋಂದಣಿ ಸಂಖ್ಯೆಯನ್ನು ಕೇಳಿ, ಅದನ್ನು ಸೆಬಿಯ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಹಣ ಹೋಗಿದೆಯೆಂದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಮೋಸವಲ್ಲದೆಯೂ ಹಣ ಕರಗಿಸುವ ಜಾಗ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು, ಅಂದರೆ ಷೇರು ಅಥವಾ ಸೂಚ್ಯಂಕದ ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ಒಪ್ಪಂದಗಳ ವಹಿವಾಟು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳನ್ನು ಸೆಬಿ ಪರಿಶೀಲಿಸಿದಾಗ, ಇದರಲ್ಲಿ ತೊಡಗಿದ್ದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಜನ ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ನನ್ನ ಸೊಸೆ ಅಂದು ತೋರಿಸಿದ ಮೊಬೈಲಿನಲ್ಲಿ ತೆರೆದಿದ್ದ ಪುಟ ಅದೇ ವಹಿವಾಟಿನದು.

ಕೊನೆಯ ಪುಟ

ತಂದೆಯ ಟ್ರಂಕಿನಲ್ಲಿ ಸಿಕ್ಕ ಪತ್ರಗಳ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಬೆಲೆಬಾಳುವ ಆ ಒಂದು ಪತ್ರಕ್ಕೆ ನಾಮಿನಿ ಇರಲಿಲ್ಲ. ಲಾಭಾಂಶವನ್ನು ಏಳು ವರ್ಷ ಸತತವಾಗಿ ಯಾರೂ ಪಡೆಯದಿದ್ದರೆ ಷೇರುಗಳೇ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತವೆ. ಇದೂ ಹಾಗೆಯೇ ಹೋಗಿತ್ತು. ಅವರು ಷೇರು ಕೊಂಡಾಗ ಕನ್ನಡದಲ್ಲಿ ಸಹಿ ಮಾಡಿದ್ದರು, ಬ್ಯಾಂಕಿನ ದಾಖಲೆಯಲ್ಲಿ ಇಂಗ್ಲಿಷ್ ಸಹಿ ಇತ್ತು. ಮರಣ ಪತ್ರ, ವಂಶವೃಕ್ಷ, ಪ್ರಮಾಣಪತ್ರಗಳು, ತಂಗಿಯ ಒಪ್ಪಿಗೆಪತ್ರ, ಮತ್ತೆ ಮತ್ತೆ ಮರಳಿ ಬಂದ ಅರ್ಜಿಗಳು, ಹೀಗೆ ಅದನ್ನು ಅಮ್ಮನ ಹೆಸರಿಗೆ ತರುವಷ್ಟರಲ್ಲಿ ಎರಡು ವರ್ಷ ಕಳೆದವು. ಒಂದು ಸಾಲಿನ ನಾಮನಿರ್ದೇಶನ ಇದ್ದಿದ್ದರೆ ಅದರಲ್ಲಿ ಬಹುಪಾಲು ತಪ್ಪುತ್ತಿತ್ತು.

ಆದ್ದರಿಂದ ಸೊಸೆಯ ನೋಟುಪುಸ್ತಕದ ಕೊನೆಯ ಪುಟವನ್ನು ಅಂದೇ ತುಂಬಿಸಿದೆವು. ಬ್ಯಾಂಕ್ ಖಾತೆ, ಭವಿಷ್ಯ ನಿಧಿ, ಫಂಡಿನ ಫೋಲಿಯೋ ಸಂಖ್ಯೆ, ವಿಮೆಯ ಪಾಲಿಸಿ ಸಂಖ್ಯೆ, ಪ್ರತಿಯೊಂದರ ಮುಂದೆ ನಾಮಿನಿಯ ಹೆಸರು. ಪಾಸ್‌ವರ್ಡ್ ಮಾತ್ರ ಬರೆಯಿಸಲಿಲ್ಲ. ಮೊದಲ ಪುಟದಲ್ಲಿ ಕಾಲೇಜು ಶುಲ್ಕ ಮತ್ತು ಅಡ್ವಾನ್ಸಿನ ಮುಂದೆ ಠೇವಣಿ ಎಂದೂ, ಎಂ.ಟೆಕ್. ಮುಂದೆ ಮೂರು ವರ್ಷದ ಠೇವಣಿ ಎಂದೂ, ನಿವೃತ್ತಿಯ ಮುಂದೆ ಭವಿಷ್ಯ ನಿಧಿ ಮತ್ತು ಇಂಡೆಕ್ಸ್ ಫಂಡ್ ಎಂದೂ ಅವಳೇ ಬರೆದಳು. ಅಮ್ಮನ ಮಂಡಿ ಚಿಕಿತ್ಸೆಯ ಮುಂದಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿ "ನಾಳೆಯೇ ಬೇಕಾಗಬಹುದು" ಎಂದು ತಿದ್ದಿದಳು. ಪ್ರತಿ ವರ್ಷ ಯುಗಾದಿಯ ಮರುದಿನ ಈ ಪುಟಗಳನ್ನು ತೆರೆದು, ದಿನಾಂಕ ಹತ್ತಿರ ಬಂದ ಹಣವನ್ನು ಷೇರು ಫಂಡಿನಿಂದ ಠೇವಣಿಗೆ ಸರಿಸಬೇಕೆಂದು ಮಾತಾಗಿದೆ. ನೋಟುಪುಸ್ತಕ ಈಗ ನನ್ನ ತಂಗಿಯ ಬೀರುವಿನಲ್ಲಿ, ರೇಷನ್ ಕಾರ್ಡಿನ ಪಕ್ಕದಲ್ಲಿದೆ.